ಬಳಸಿದ ಸಣ್ಣ ಕಾರು ಕೊಳ್ಳುವ ಮುನ್ನ: ತಣ್ಣಗಿರುವ ಎಂಜಿನ್ನಿನಿಂದ ಆರಂಭವಾಗುವ ದೋಷ ಪತ್ತೆ

ಬಳಸಿದ ಕಾರನ್ನು ನೋಡಲು ಹೋಗುವ ಹಿಂದಿನ ದಿನವೇ ಮಾರುವವರಿಗೆ ಕರೆ ಮಾಡಿ, ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿರೆಂದು ಕೇಳಿಕೊಳ್ಳಬೇಕು. ತಲುಪಿದ ಮೇಲೆ ಬೇರೆ ಮಾತಿಗೆ ಮೊದಲು ಬಾನೆಟ್ ತೆಗೆಸಿ ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಮುಟ್ಟಿ ನೋಡಬೇಕು. ಅದು ಬೆಚ್ಚಗಿದ್ದರೆ ಪರೀಕ್ಷೆಯ ಬಹುಮುಖ್ಯ ಭಾಗ ಆಗಲೇ ಕೈತಪ್ಪಿದೆ. ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹಿಂದಿರುಗುವುದೇ ಮೇಲು. ರಾತ್ರಿಯಿಡೀ ನಿಂತ ಎಂಜಿನ್ನಿನಲ್ಲಿ ಆಯಿಲ್ ಬಹುಪಾಲು ತಳದ ಆಯಿಲ್ ತೊಟ್ಟಿಗೆ ಇಳಿದಿರುತ್ತದೆ, ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ, ಪಿಸ್ಟನ್ನಿನ ಸುತ್ತಲಿನ ಸಂದು ಬಿಸಿಯಾಗಿರುವಾಗ ಇರುವುದಕ್ಕಿಂತ ಹೆಚ್ಚಿರುತ್ತದೆ, ಬ್ಯಾಟರಿಯ ಬಲವೂ ಕುಗ್ಗಿರುತ್ತದೆ. ಸವೆದ ಭಾಗಗಳು ತಮ್ಮನ್ನು ತಾವೇ ತೋರಿಸಿಕೊಳ್ಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಕೊಂಡ ಮೊದಲ ಬಳಸಿದ ಕಾರು, ನಾನು ನೋಡಲು ಹೋದಾಗಲೇ ಅಂಗಳದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಸದ್ದು ಹದವಾಗಿತ್ತು, ಓಡಾಟ ನುಣುಪಾಗಿತ್ತು, ನಾನು ಹಣ ಕೊಟ್ಟು ತಂದೆ. ಮರುದಿನ ಬೆಳಿಗ್ಗೆ ಮನೆಯಲ್ಲಿ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಒಂದು ಬದಿಯಿಂದ ಐದಾರು ಸೆಕೆಂಡು ಗಲಗಲ ಸದ್ದು ಬಂದು ನಿಂತಿತು. ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ಹೊಂದಿಸಿ ಓಡಿಸುವ ಟೈಮಿಂಗ್ ಚೈನ್ ಉದ್ದವಾಗಿ, ಅದನ್ನು ಬಿಗಿಹಿಡಿಯುವ ಟೆನ್ಷನರಿಗೆ ಆಯಿಲಿನ ಒತ್ತಡ ತಲುಪುವವರೆಗೆ ಸಡಿಲವಾಗಿ ಬಡಿಯುತ್ತಿತ್ತು. ಬಿಸಿ ಎಂಜಿನ್ನಿನಲ್ಲಿ ಕೇಳಿಸದ ಆ ಸದ್ದು ಮೂರೇ ತಿಂಗಳಲ್ಲಿ ದೊಡ್ಡ ಕೆಲಸವನ್ನೇ ತಂದಿಟ್ಟಿತು.

ಈ ಕೈಪಿಡಿಯ ಕ್ರಮ ಸರಳವಾಗಿದೆ. ಯಾವುದೇ ಲಕ್ಷಣ ಕಂಡಾಗ ಅದರ ಹೆಸರಿಗಿಂತ ಅದು ಯಾವ ಸ್ಥಿತಿಯಲ್ಲಿ ಕಾಣಿಸಿಕೊಂಡಿತು ಎಂಬುದನ್ನು ಗುರುತು ಹಾಕಿಕೊಳ್ಳಬೇಕು: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಲ್ಲಿಯೋ ಏರಿನಲ್ಲಿಯೋ, ನೇರ ದಾರಿಯಲ್ಲೋ ತಿರುವಿನಲ್ಲೋ. ಒಂದೇ ಲಕ್ಷಣದ ಹಿಂದೆ ಅರ್ಧ ಗಂಟೆಯಲ್ಲಿ ಸರಿಯಾಗುವ ಕಾರಣವೂ ಇರಬಹುದು, ಎಂಜಿನ್ ಬಿಚ್ಚಿಸುವ ಕಾರಣವೂ ಇರಬಹುದು. ಎರಡನ್ನೂ ಬೇರ್ಪಡಿಸುವುದು ಈ ಸ್ಥಿತಿಯೇ. ಕಾರಿನ ಮಾದರಿಗೆ ಇರುವ ಒಳ್ಳೆಯ ಹೆಸರು ಸಾವಿರಾರು ಕಾರುಗಳ ಸರಾಸರಿ ಮಾತ್ರ. ಸಮಯಕ್ಕೆ ಆಯಿಲ್ ಬದಲಿಸದ ಒಳ್ಳೆಯ ಮಾದರಿಗಿಂತ ಅಕ್ಕರೆಯಿಂದ ನೋಡಿಕೊಂಡ ಸಾಧಾರಣ ಮಾದರಿಯನ್ನು ನಾನು ಯಾವತ್ತೂ ಮೊದಲು ಆರಿಸಿಕೊಳ್ಳುತ್ತೇನೆ.

ಮೊದಲ ನಿಮಿಷ

ಎಂಜಿನ್ ಚಾಲೂ ಮಾಡುವ ಮುನ್ನ ಎರಡು ಕೆಲಸಗಳಿವೆ. ಎಂಜಿನ್ನನ್ನು ತಣ್ಣಗಿಡುವ ಕೂಲೆಂಟಿನ ಡಬ್ಬಿಯಲ್ಲಿ ದ್ರವ ಎಲ್ಲಿಯವರೆಗೆ ಇದೆಯೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಸಣ್ಣ ಗೆರೆ ಎಳೆಯಬೇಕು. ಅದರ ಉಪಯೋಗ ಕೊನೆಯಲ್ಲಿ ಬರುತ್ತದೆ. ಆಮೇಲೆ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ಆಯಿಲಿನ ಮಟ್ಟವನ್ನೂ ವಾಸನೆಯನ್ನೂ ನೋಡಬೇಕು. ಬಣ್ಣ ಕಪ್ಪಾಗಿರುವುದು ಡೀಸೆಲ್ ಎಂಜಿನ್ನಿನಲ್ಲಿ ಸಹಜ, ಆದರೆ ಮಟ್ಟ ಮೇಲಿನ ಗುರುತನ್ನೂ ದಾಟಿ ಡೀಸೆಲಿನ ವಾಸನೆ ಬರುತ್ತಿದ್ದರೆ ಸಮಸ್ಯೆ ಬೇರೆಯೇ ಇದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಶುಚಿಮಾಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ; ಕಾರು ಬರೀ ಹತ್ತಿರದ ಓಡಾಟದಲ್ಲೇ ಬಳಕೆಯಾಗಿದ್ದರೆ ಆ ಕ್ರಿಯೆ ಅರ್ಧಕ್ಕೆ ನಿಂತು, ಸುಡದ ಡೀಸೆಲ್ ಆಯಿಲಿಗೆ ಇಳಿಯುತ್ತದೆ. ನಿಮ್ಮ ಮನೆಯ ಬಳಕೆಯೂ ಶಾಲೆ, ಮಾರುಕಟ್ಟೆಗಳಷ್ಟಕ್ಕೇ ಇದ್ದರೆ ಇಂಥ ಡೀಸೆಲ್ ಕಾರು ಎಷ್ಟೇ ಚೆನ್ನಾಗಿದ್ದರೂ ಹೊಂದುವುದಿಲ್ಲ.

ಈಗ ಕೀಲಿಯನ್ನು ಸ್ಟಾರ್ಟಿನ ಹಿಂದಿನ ಹಂತಕ್ಕೆ ಮಾತ್ರ ತಿರುಗಿಸಿ ಮುಂದಿನ ಫಲಕವನ್ನು ನೋಡಬೇಕು. ಎಂಜಿನ್, ಆಯಿಲ್ ಒತ್ತಡ, ಏರ್‌ಬ್ಯಾಗ್, ಎಬಿಎಸ್ ದೀಪಗಳು ಹೊತ್ತಿಕೊಳ್ಳಲೇಬೇಕು. ಎಚ್ಚರಿಕೆಯ ದೀಪ ಆರದೆ ಉಳಿಯುವುದು ದೋಷವಾದರೆ, ಅದು ಒಮ್ಮೆಯೂ ಹೊತ್ತದಿರುವುದು ಅದಕ್ಕಿಂತ ದೊಡ್ಡ ದೋಷ. ಯಾರೋ ಅದನ್ನು ಕಾಣದಂತೆ ಮಾಡಿರುವ ಸಾಧ್ಯತೆಯಿದೆ. ಏರ್‌ಬ್ಯಾಗ್ ದೀಪ ಹೊತ್ತದ ಕಾರಿನಲ್ಲಿ ಏರ್‌ಬ್ಯಾಗ್ ಇದೆಯೆಂದು ನಂಬಿ ಮಕ್ಕಳನ್ನು ಕೂರಿಸಬಾರದು.

ಸ್ಟಾರ್ಟ್ ಮಾಡುವಾಗ ಎಂಜಿನ್ ನಿಧಾನವಾಗಿ ತಿರುಗಿದರೆ ಕಾರಣ ತಿಳಿಯಲು ವೋಲ್ಟ್ ಅಳೆಯುವ ಸಾಮಾನ್ಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಬ್ಯಾಟರಿ ಸೋತಿದೆ. ವೋಲ್ಟ್ ಕುಸಿಯದೆಯೂ ಎಂಜಿನ್ ನಿಧಾನವಾಗಿ ತಿರುಗಿದರೆ ಸ್ಟಾರ್ಟರ್ ಮೋಟರನ್ನೋ ಅದಕ್ಕೆ ಹೋಗುವ ತಂತಿಯನ್ನೋ, ಅರ್ತ್ ತಂತಿಯ ತುಕ್ಕನ್ನೋ ಅನುಮಾನಿಸಬೇಕು. ಎಂಜಿನ್ ಓಡುತ್ತಿರುವಾಗ 13.8ರಿಂದ 14.7 ವೋಲ್ಟ್ ಬರುತ್ತಿದ್ದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು, ಆದರೆ ಇಂಧನ ಉಳಿಸಲು ಚಾರ್ಜನ್ನು ಏರಿಳಿಸುವ ಇತ್ತೀಚಿನ ಕಾರುಗಳಲ್ಲಿ ಇದು ಕೆಲವೊಮ್ಮೆ ಕಡಿಮೆ ಕಾಣುತ್ತದೆ. ಎಂಜಿನ್ ಚುರುಕಾಗಿ ತಿರುಗಿಯೂ ಬೇಗ ಹತ್ತಿಕೊಳ್ಳದಿದ್ದರೆ, ಕೀಲಿಯನ್ನು ಎರಡು ಮೂರು ಸಲ ಆನ್ ಹಂತಕ್ಕೆ ತಂದು ಪೆಟ್ರೋಲ್ ಪಂಪಿನ ಗುಂಯ್‌ಗುಟ್ಟುವಿಕೆ ನಿಂತ ಮೇಲೆ ಸ್ಟಾರ್ಟ್ ಮಾಡಿ ನೋಡಬೇಕು. ಆಗ ತಕ್ಷಣ ಹತ್ತಿಕೊಂಡರೆ ನಿಂತಾಗ ಇಂಧನದ ಒತ್ತಡ ಸೋರಿಹೋಗುತ್ತಿದೆ ಎಂದರ್ಥ.

ಸದ್ದುಗಳಲ್ಲಿ ಮೂರನ್ನು ಬೇರ್ಪಡಿಸಿ ಕೇಳಬೇಕು. ಮೇಲ್ಭಾಗದ ಟಿಕ್‌ಟಿಕ್ ಸದ್ದು ಬಿಸಿಯಾದಂತೆ ಕರಗಿದರೆ ಅದು ಆಯಿಲಿನ ಒತ್ತಡದಿಂದ ವಾಲ್ವಿನ ಸಂದನ್ನು ಸರಿಹೊಂದಿಸುವ ಹೈಡ್ರಾಲಿಕ್ ಟ್ಯಾಪೆಟ್ ಆಗಿರಬಹುದು, ಅಥವಾ ಲೋಹ ಹಿಗ್ಗಿದಾಗ ಮುಚ್ಚಿಕೊಳ್ಳುವ ಎಕ್ಸಾಸ್ಟ್ ಜೋಡಣೆಯ ಸೋರಿಕೆಯಾಗಿರಬಹುದು. ಬದಿಯ ಗಲಗಲ ಸದ್ದು ಒಂದೆರಡು ಸೆಕೆಂಡಿಗಿಂತ ಹೆಚ್ಚು ಉಳಿದರೆ ಅದು ಚೈನ್. ತಳದಿಂದ ಬರುವ, ಆಕ್ಸಿಲರೇಟರ್ ಒತ್ತಿದಾಗ ಗಟ್ಟಿಯಾಗುವ ದಪ್ಪನೆಯ ಬಡಿತ ಕನೆಕ್ಟಿಂಗ್ ರಾಡಿನ ಬೇರಿಂಗಿನದಾದರೆ ಆ ಕಾರಿನ ವಿಚಾರಣೆಯನ್ನು ಅಲ್ಲಿಗೇ ನಿಲ್ಲಿಸಬೇಕು.

ಹೊಗೆಯ ಬಣ್ಣ ಮತ್ತು ಅದರ ಸಮಯ

ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಬಿಚ್ಚಿ ಸಿಲಿಂಡರ್ ಕೊರೆಸಬೇಕಾದಷ್ಟು ಸವೆದ ಎಂಜಿನ್ನೋ ಸೀಲ್ ಬದಲಿಸಿದರೆ ಸರಿಹೋಗುವ ಎಂಜಿನ್ನೋ ಎಂದು ತಿಳಿಯಲು ಹೊಗೆ ಬಂದ ಸಮಯವನ್ನು ನೋಡಬೇಕು. ರಾತ್ರಿ ನಿಂತು ಬೆಳಿಗ್ಗೆ ಚಾಲೂ ಆದಾಗ ಒಮ್ಮೆ ಬುಸ್ಸನೆ ಬಂದು ನಿಲ್ಲುವ ನೀಲಿ ಹೊಗೆ ವಾಲ್ವ್ ಸೀಲಿನ ದೋಷವನ್ನು ಸೂಚಿಸುತ್ತದೆ. ನಿಂತಿದ್ದಾಗ ಆಯಿಲ್ ವಾಲ್ವಿನ ಕಾಂಡದ ಗುಂಟ ಜಿನುಗಿ ಒಳಗೆ ಸೇರಿರುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಬರುವ ಹೊಗೆಯೂ ಇದೇ ಕಡೆಗೆ ಬೆರಳು ಮಾಡುತ್ತದೆ, ಏಕೆಂದರೆ ಇಳಿಯುವಾಗ ಗಾಳಿ ಒಳಬರುವ ಇನ್‌ಟೇಕಿನಲ್ಲಿ ನಿರ್ವಾತ ಹೆಚ್ಚಿ ಆಯಿಲನ್ನು ಒಳಗೆಳೆದುಕೊಳ್ಳುತ್ತದೆ. ಏರಿನಲ್ಲಿ, ಭಾರದಲ್ಲಿ, ಒತ್ತಿದಷ್ಟೂ ಹೊತ್ತು ಬರುವ ನೀಲಿ ಹೊಗೆಗೆ ಪಿಸ್ಟನ್ ರಿಂಗನ್ನೂ, ಟರ್ಬೊ ಇರುವ ಎಂಜಿನ್ನಿನಲ್ಲಿ ಟರ್ಬೊ ಸೀಲನ್ನೂ ಅನುಮಾನಿಸಬೇಕು.

ಅನುಮಾನ ಬಲವಾಗಿದ್ದರೆ ಮೆಕ್ಯಾನಿಕ್ ಒಬ್ಬರಿಂದ ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡವನ್ನು ಅಳತೆ ಮಾಡಿಸಬಹುದು. ಸಂಖ್ಯೆ ಎಷ್ಟು ದೊಡ್ಡದು ಎಂಬುದಕ್ಕಿಂತ ಸಿಲಿಂಡರುಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂಬುದು ಇಲ್ಲಿ ಮುಖ್ಯ; ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ನಡುವೆ ಶೇಕಡಾ 10ರಿಂದ 15ರಷ್ಟು ವ್ಯತ್ಯಾಸ ಒಪ್ಪಬಹುದಾದದ್ದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಅಳತೆ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ದೋಷ ವಾಲ್ವಿನದು, ಅಥವಾ ಸಿಲಿಂಡರುಗಳಿಗೂ ಅವುಗಳ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ತೆಳು ಹಾಳೆಯಾದ ಹೆಡ್ ಗ್ಯಾಸ್ಕೆಟ್ಟಿನದು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಮಾತ್ರ ಒಟ್ಟಿಗೆ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಬೆಳಗಿನ ಚಳಿಯಲ್ಲಿ ಒಂದೆರಡು ನಿಮಿಷ ಕಾಣುವ ತೆಳುವಾದ ಬಿಳಿ ಹೊಗೆ ಬರೀ ನೀರಾವಿ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಉಳಿದು ಸಿಹಿಯಾದ ವಾಸನೆ ಬೀರಿದರೆ ಅದು ಕೂಲೆಂಟ್. ಕಪ್ಪು ಹೊಗೆ ಇಂಧನ ಹೆಚ್ಚಾದುದರ ಗುರುತು. ಪೆಟ್ರೋಲ್ ಕಾರಿನಲ್ಲಿ ಸೆನ್ಸರ್ ಅಥವಾ ಇಂಜೆಕ್ಟರ್, ಡೀಸೆಲಿನಲ್ಲಿ ಗಾಳಿಯ ದಾರಿ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್, ಟರ್ಬೊ ಇವುಗಳನ್ನು ನೋಡಬೇಕು.

ಬಿಸಿಯಾಗುವ ಎಂಜಿನ್

ಸಣ್ಣ ಕಾರನ್ನು ಹೆಚ್ಚಾಗಿ ಹಾಳುಗೆಡಹುವ ದೋಷ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅಲ್ಯುಮಿನಿಯಂ ಹೆಡ್ ಒಮ್ಮೆ ಮಿತಿಮೀರಿ ಕಾದರೂ ಸೊಟ್ಟಗಾಗಬಹುದು, ಮತ್ತು ಮಾರುವವರು ಮುಚ್ಚಿಡಲು ಬಯಸುವ ಘಟನೆಯೂ ಸಾಮಾನ್ಯವಾಗಿ ಇದೇ. ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 92 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳತೊಡಗುತ್ತದೆ. ಫಲಕದಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದು ಅಲ್ಲೇ ನಿಲ್ಲಬೇಕು.

ನಿಂತಲ್ಲಿ ಮುಳ್ಳು ಏರಿ, ಓಡತೊಡಗಿದ ಕೂಡಲೇ ಇಳಿದರೆ ದೋಷ ಫ್ಯಾನಿನಲ್ಲೋ ಅದರ ರಿಲೇ, ಫ್ಯೂಸ್, ಸೆನ್ಸರುಗಳಲ್ಲೋ ಇರುತ್ತದೆ. ಗಾಳಿ ಬೀಸಿದಾಗ ತಣ್ಣಗಾಗುತ್ತಿದೆಯೆಂದರೆ ನೀರಿನ ಹರಿವು ಸರಿಯಾಗಿದೆ. ಇದಕ್ಕೆ ಹೆದರಬೇಕಿಲ್ಲ. ಪೇಟೆಯಲ್ಲಿ ಸರಿಯಿದ್ದು ಹೆದ್ದಾರಿಯಲ್ಲಿ ಅಥವಾ ಏರಿನಲ್ಲಿ ಕಾದರೆ ಹರಿವೇ ಸಾಲುತ್ತಿಲ್ಲ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ವಾಟರ್ ಪಂಪಿನ ರೆಕ್ಕೆಗಳು ಸವೆದಿರಬಹುದು, ಥರ್ಮೋಸ್ಟಾಟ್ ಪೂರ್ತಿ ತೆರೆಯದಿರಬಹುದು. ಬಹಳ ಹೊತ್ತು ಓಡಿಸಿದರೂ ಮುಳ್ಳು ಮೇಲೇಳದಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆ, ಅಥವಾ ಬಿಸಿಯಾಗುವ ಎಂಜಿನ್ನನ್ನು ಮರೆಮಾಚಲು ಯಾರೋ ಅದನ್ನು ತೆಗೆದೇ ಹಾಕಿದ್ದಾರೆ. ಎರಡನೆಯದು ಕಂಡುಬಂದರೆ ಏಕೆ ತೆಗೆದರೆಂದು ನೇರವಾಗಿ ಕೇಳಬೇಕು.

ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂಬ ಪ್ರಶ್ನೆಗೆ ಹಲವರು ಆಯಿಲ್ ಮುಚ್ಚಳದ ಕೆಳಗಿನ ಹಾಲಿನಂಥ ನೊರೆಯನ್ನೇ ಕೊನೆಯ ತೀರ್ಪೆಂದು ಭಾವಿಸುತ್ತಾರೆ. ಮುಚ್ಚಳದ ಕೆಳಗೆ ಮಾತ್ರ ನೊರೆಯಿದ್ದು ಡಿಪ್‌ಸ್ಟಿಕ್ ಶುಭ್ರವಾಗಿದ್ದರೆ ಅದು ಹತ್ತಿರದ ಓಡಾಟದಿಂದ ಕಟ್ಟಿದ ತೇವವಾಗಿರಬಹುದು. ಅಂಥ ಕಾರನ್ನು ಬೇಡವೆನ್ನುವುದು ಅನ್ಯಾಯ. ನಿಜವಾದ ಪರೀಕ್ಷೆ ತಣ್ಣಗಿನ ಎಂಜಿನ್ನಿನಲ್ಲಿದೆ. ಚಾಲೂ ಮಾಡಿದ ಒಂದೆರಡು ನಿಮಿಷದಲ್ಲಿ, ನೀರು ಇನ್ನೂ ಬಿಸಿಯಾಗದಿರುವಾಗಲೇ ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಗಟ್ಟಿಯಾದರೆ, ಸಿಲಿಂಡರಿನ ಅನಿಲ ಕೂಲೆಂಟಿಗೆ ನುಗ್ಗುತ್ತಿದೆ. ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆಗಳೇಳುವುದೂ ಅದನ್ನೇ ಹೇಳುತ್ತದೆ. ಖಚಿತಪಡಿಸಿಕೊಳ್ಳಲು ಡಬ್ಬಿಯ ಬಾಯಿಯ ಅನಿಲವನ್ನು ನೀಲಿ ದ್ರಾವಣವಿರುವ ಕೊಳವೆಯ ಮೂಲಕ ಎಳೆಯುವ ಪರೀಕ್ಷೆಯಿದೆ; ಪೆಟ್ರೋಲ್ ಎಂಜಿನ್ನಿನಲ್ಲಿ ದ್ರಾವಣ ಹಳದಿಗೆ ತಿರುಗಿದರೆ ಅನುಮಾನಕ್ಕೆ ಎಡೆಯಿಲ್ಲ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬಾರದು. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿಯನ್ನು ಮೀರಿಯೂ ಕುದಿಯದೆ ಇರುತ್ತದೆ, ತೆರೆದೊಡನೆ ಮುಖಕ್ಕೆ ಚಿಮ್ಮುತ್ತದೆ.

ಡಬ್ಬಿಯಲ್ಲಿ ಬಣ್ಣದ ಕೂಲೆಂಟ್ ಬದಲು ಕೆಮ್ಮಣ್ಣಿನ ಬಣ್ಣದ ನೀರಿದ್ದರೆ ಬಹುಕಾಲ ಬರೀ ನೀರು ತುಂಬಿಸಿದ್ದಾರೆಂದು ತಿಳಿಯಬೇಕು. ಹೊರಗೆ ಸೋರಿಕೆ ಕಾಣದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಗ್ಯಾಸ್ಕೆಟ್ಟಿನ ಮೇಲೆ ಆರೋಪ ಹೊರಿಸುವ ಮುನ್ನ ಮುಂದಿನ ಆಸನದ ಕಾಲಡಿಯ ಕಾರ್ಪೆಟ್ ಒತ್ತಿ ನೋಡಬೇಕು. ಅಲ್ಲಿ ಅಂಟಂಟಾದ ತೇವವಿದ್ದು ಗಾಜು ಒಳಗಿನಿಂದ ಮಸುಕಾಗುತ್ತಿದ್ದರೆ ಹೀಟರಿನ ಸಣ್ಣ ರೇಡಿಯೇಟರ್ ಸೋರುತ್ತಿದೆ.

ಸ್ಕ್ಯಾನರ್ ಹೇಳುವುದು ಮತ್ತು ಮುಚ್ಚಿಡುವುದು

ಅಮೆರಿಕದಲ್ಲಿ 1996ರಿಂದ, ಯುರೋಪಿನ ಒಕ್ಕೂಟದಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾದ, ದೋಷಗಳನ್ನು ಕಾರು ತಾನೇ ಗುರುತಿಸಿ ಕೋಡಾಗಿ ದಾಖಲಿಸುವ ಒಬಿಡಿ ವ್ಯವಸ್ಥೆಯ 16 ಪಿನ್ನುಗಳ ಸಾಕೆಟ್ ಈಗ ಬಹುತೇಕ ಎಲ್ಲ ಕಾರುಗಳ ಸ್ಟಿಯರಿಂಗ್ ಕೆಳಗಿನ ಭಾಗದಲ್ಲಿರುತ್ತದೆ. ಸಣ್ಣ ಸ್ಕ್ಯಾನರನ್ನು ಜೋಡಿಸಿ, ಯಾವ ದೋಷದ ಕೋಡೂ ಇಲ್ಲವೆಂದು ಕಂಡಾಗ ಸಮಾಧಾನಪಡುವುದು ಹೊಸಬರು ಮಾಡುವ ತಪ್ಪು. ಕೋಡ್‌ಗಳನ್ನು ಬೆಳಿಗ್ಗೆಯಷ್ಟೇ ಅಳಿಸಿರಬಹುದು. ಹಾಗೆ ಅಳಿಸಿದಾಗ, ಅಥವಾ ಕೆಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದಾಗ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಸ್ಟ್, ಆಮ್ಲಜನಕ ಸೆನ್ಸರ್ ಮೊದಲಾದವುಗಳ ಸ್ವಯಂಪರೀಕ್ಷೆಗಳು ‘ಪೂರ್ಣವಾಗಿಲ್ಲ’ ಎಂಬ ಸ್ಥಿತಿಗೆ ಮರಳುತ್ತವೆ, ಮತ್ತು ಅವು ಪೂರ್ಣವಾಗಲು ತಣ್ಣಗಿನ ಸ್ಟಾರ್ಟ್, ಪೇಟೆಯ ಓಡಾಟ, ಹೆದ್ದಾರಿ ಎಲ್ಲ ಸೇರಿದ ಓಟ ಬೇಕು. ದಿನವೂ ಓಡಿಸುತ್ತೇವೆಂದು ಮಾರುವವರು ಹೇಳುವ ಕಾರಿನಲ್ಲಿ ಈ ಪರೀಕ್ಷೆಗಳೆಲ್ಲ ಅಪೂರ್ಣವಾಗಿದ್ದರೆ, ಕೋಡಿಗಿಂತ ಹೆಚ್ಚಿನ ಸುದ್ದಿ ಅದರಲ್ಲೇ ಇದೆ.

ಪಿ0301 ಎಂಬ ಕೋಡ್ ಒಂದನೆಯ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎನ್ನುತ್ತದೆ. ಆ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಮೂರನೆಯದರೊಡನೆ ಅದಲುಬದಲು ಮಾಡಿ ಓಡಿಸಿದಾಗ ಕೋಡ್ ಪಿ0303 ಆಗಿ ಬದಲಾದರೆ ದೋಷ ಕಾಯಿಲಿನದು. ಕೋಡ್ ಅಲ್ಲೇ ಉಳಿದರೆ ಕ್ರಮವಾಗಿ ಸ್ಪಾರ್ಕ್ ಪ್ಲಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ನೋಡಬೇಕು. ಪಿ0420 ಬಂದರೆ ಕ್ಯಾಟಲಿಸ್ಟ್ ಸೋತಿದೆ ಎಂದು ಓದುತ್ತಾರೆ. ಅದಕ್ಕೆ ಮೊದಲು ಎಕ್ಸಾಸ್ಟ್ ಸೋರಿಕೆಯನ್ನೂ, ಎಂಜಿನ್ ಆಯಿಲ್ ಕುಡಿದು ಕ್ಯಾಟಲಿಸ್ಟನ್ನು ಕೆಡಿಸಿದೆಯೇ ಎಂಬುದನ್ನೂ ನೋಡದಿದ್ದರೆ ಹೊಸ ಕ್ಯಾಟಲಿಸ್ಟ್ ಕೂಡ ಅದೇ ದಾರಿ ಹಿಡಿಯುತ್ತದೆ. ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚಿಸಿ ಅಥವಾ ತಗ್ಗಿಸಿ ಕೊಡುತ್ತಿದೆ ಎಂದು ಸ್ಕ್ಯಾನರ್ ತೋರಿಸುವ ಇಂಧನ ಹೊಂದಾಣಿಕೆಯ ಅಂಕಿ (ಫ್ಯುಯೆಲ್ ಟ್ರಿಮ್) ಸಾಮಾನ್ಯವಾಗಿ ಶೇಕಡಾ 10ರ ಒಳಗೆ, ಹೆಚ್ಚೂ ಕಡಿಮೆ ಎರಡೂ ಕಡೆಗೆ, ಇರಬೇಕು. ಐಡಲಿನಲ್ಲಿ ಅದು ತುಂಬಾ ಮೇಲಿದ್ದು 2500 ಆರ್‌ಪಿಎಂನಲ್ಲಿ ಸರಿಯಾದರೆ ಎಲ್ಲೋ ರಬ್ಬರ್ ಪೈಪ್ ಬಿರಿದು ಗಾಳಿ ಎಳೆದುಕೊಳ್ಳುತ್ತಿದೆ, ಅದು ಸಣ್ಣ ಕೆಲಸ. ಭಾರ ಹೆಚ್ಚಿದಂತೆ ಅಂಕಿಯೂ ಏರಿದರೆ ಪೆಟ್ರೋಲ್ ಪಂಪ್, ಫಿಲ್ಟರ್ ಅಥವಾ ಗಾಳಿಯ ಹರಿವು ಅಳೆಯುವ ಸೆನ್ಸರನ್ನು ಅನುಮಾನಿಸಬೇಕು.

ಓಡಿಸಿ ನೋಡುವಾಗ

ರೇಡಿಯೋ ಮುಚ್ಚಿ, ಜೊತೆಯಲ್ಲಿದ್ದವರನ್ನು ಸುಮ್ಮನಿರಲು ಕೇಳಿ, ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ಮೇಲಿನ ಗೇರಿನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಕ್ಲಚ್ ಒತ್ತಿದಾಗ ಬರುವ ಸದ್ದು ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಲ್ಲುವ ಸದ್ದು ಗೇರ್‌ಬಾಕ್ಸಿನ ಒಳಗಿನ ಬೇರಿಂಗಿನದು, ಇದರ ದುರಸ್ತಿಗೆ ಗೇರ್‌ಬಾಕ್ಸನ್ನೇ ಬಿಚ್ಚಬೇಕಾಗುತ್ತದೆ. ಆಟೋಮ್ಯಾಟಿಕ್ ಕಾರಿನಲ್ಲಿ ನಿಂತಲ್ಲಿಂದ ಮೆಲ್ಲಗೆ ಹೊರಡುವಾಗಿನ ನಡುಕವನ್ನೂ, ಮುಂದಕ್ಕೆ ಓಡಿಸುವ ಡಿಯಿಂದ ಹಿಂದಕ್ಕೆ ಓಡಿಸುವ ಆರ್‌ಗೆ ಬದಲಿಸಿದಾಗಿನ ತಡ ಮತ್ತು ಹೊಡೆತವನ್ನೂ ಎಂಜಿನ್ ಬಿಸಿಯಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.

ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮುಂದೆ ಸಾಗುವಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್ ಸವೆದಿದೆ. ವೇಗದೊಂದಿಗೆ ಏರುವ ಗುಂಯ್ ಸದ್ದು ಎಡಕ್ಕೆ ಹೊರಳಿದಾಗ ಹೆಚ್ಚಿದರೆ, ಭಾರ ಬಲಗಡೆಗೆ ವಾಲುವುದರಿಂದ, ಬಲ ಚಕ್ರದ ಬೇರಿಂಗನ್ನು ನೋಡಬೇಕು. ಯಾವ ಕಡೆ ತಿರುಗಿದರೂ ಬದಲಾಗದಿದ್ದರೆ ಅದು ಟೈರಿನ ಸದ್ದಿರಬಹುದು. ಬ್ರೇಕ್ ಒತ್ತಿದಾಗ ಪೆಡಲ್ ಮಿಡಿದರೆ ಡಿಸ್ಕಿನ ದಪ್ಪ ಏರುಪೇರಾಗಿದೆ, ಕಾರು ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಹಿಡಿದುಕೊಂಡಿರಬಹುದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು, ಉದಾಹರಣೆಗೆ 2319, ಅದು 2019ರ 23ನೆಯ ವಾರದಲ್ಲಿ ತಯಾರಾದುದೆಂದು ತಿಳಿಸುತ್ತವೆ. ಒಳ ಅಂಚು ಮಾತ್ರ ಸವೆದಿದ್ದರೆ ಚಕ್ರಗಳ ಕೋನ ತಪ್ಪಿದೆ; ಅಲೈನ್‌ಮೆಂಟ್ ಮಾಡಿಸಿದರೂ ಸರಿಯಾಗದಿದ್ದರೆ ಹಿಂದೊಮ್ಮೆ ಅಪಘಾತದಲ್ಲಿ ಏನೋ ಬಾಗಿರಬಹುದು.

ಅಪಘಾತದ ಗುರುತಿಗೆ ಬಾಗಿಲು, ಬಾನೆಟ್, ಫೆಂಡರುಗಳ ಬೋಲ್ಟ್ ತಲೆಗಳ ಬಣ್ಣ ಕಿತ್ತಿದೆಯೇ ಎಂದು ನೋಡಿದರೆ ಹೆಚ್ಚಿನದು ತಿಳಿಯುತ್ತದೆ. ಬಣ್ಣದ ದಪ್ಪ ಅಳೆಯುವ ಮಾಪಕ ಸಿಕ್ಕರೆ, ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ, 1000 ಮೀರಿದಲ್ಲಿ ಪುಟ್ಟಿ ತುಂಬಿರುತ್ತದೆ. ನೀರಿನಲ್ಲಿ ಮುಳುಗಿದ ಕಾರಿಗೆ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಕಲೆ ಹುಡುಕಬೇಕು, ಸೀಟಿನ ಹಳಿಗಳ ತುಕ್ಕನ್ನು ನೋಡಬೇಕು. ಅದು ಖಚಿತವಾದರೆ ಬೇರೆ ಯಾವ ಪರೀಕ್ಷೆಯೂ ಬೇಕಿಲ್ಲ, ಏಕೆಂದರೆ ವಿದ್ಯುತ್ ಜೋಡಣೆಗಳೊಳಗಿನ ತುಕ್ಕು ತಿಂಗಳುಗಳ ನಂತರ, ಒಂದೊಂದು ಕಡೆಯಾಗಿ ಕಾಡತೊಡಗುತ್ತದೆ. ಓಡಿದ ಕಿಲೋಮೀಟರನ್ನು ಪೆಡಲಿನ ರಬ್ಬರ್, ಸ್ಟಿಯರಿಂಗಿನ ನುಣುಪು, ಸರ್ವಿಸ್ ದಾಖಲೆ ಇವುಗಳೊಡನೆ ತಾಳೆ ನೋಡಬೇಕು. ಷಾಸಿಯ ಮೇಲಿನ 17 ಅಕ್ಷರಗಳ ಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ. ಬಂದಿದ್ದರೆ ಅದನ್ನು ತಿದ್ದಲಾಗಿದೆ ಅಥವಾ ತಪ್ಪಾಗಿ ಓದಲಾಗಿದೆ.

ಟೈಮಿಂಗ್ ಚೈನಿನ ಬದಲು ಅದೇ ಕೆಲಸದ ರಬ್ಬರ್ ಬೆಲ್ಟ್ ಇರುವ ಎಂಜಿನ್ ಆದರೆ ಅದನ್ನು ಬದಲಿಸಿದ ರಸೀದಿಯನ್ನು ಕೇಳಬೇಕು. ಬಾಯಿಮಾತು ಇಲ್ಲಿ ಸಾಲದು, ಏಕೆಂದರೆ ಹಲವು ಎಂಜಿನ್ನುಗಳಲ್ಲಿ ಬೆಲ್ಟ್ ಹರಿದ ಕ್ಷಣದಲ್ಲೇ ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಅವನ್ನು ಬಗ್ಗಿಸುತ್ತವೆ. ರಸೀದಿ ಇಲ್ಲದಿದ್ದರೆ ಬೆಲ್ಟ್ ಬದಲಿಸಿಲ್ಲವೆಂದೇ ಎಣಿಸಿ, ಆ ಖರ್ಚನ್ನು ಬೆಲೆಯಿಂದ ಕಳೆದು ಮಾತನಾಡಬೇಕು.

ಓಟ ಮುಗಿದ ಮೇಲೆ ಎಂಜಿನ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಬೇಕು. ನಿಂತ ಎಂಜಿನ್ನಿನ ಶಾಖ ಸುತ್ತಲಿನ ಭಾಗಗಳಿಗೆ ಹರಡುವ ಈ ಹೊತ್ತಿನಲ್ಲಿ ಮಾತ್ರ ಕೈಕೊಡುವ ಸ್ಟಾರ್ಟರ್ ಮೋಟರುಗಳೂ ಕ್ರ್ಯಾಂಕ್ ಸೆನ್ಸರುಗಳೂ ಇವೆ. ತಣ್ಣಗಾದ ಮೇಲೆ ಅವು ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತವೆ. ಕೆಳಗೆ ಬಿದ್ದ ಹನಿಗಳು ತಿಳಿನೀರಾಗಿದ್ದರೆ ಅವು ಎಸಿಯವು. ಕಾರು ಮೆಚ್ಚುಗೆಯಾಗಿದ್ದರೂ ಅಂದೇ ಮುಂಗಡ ಕೊಡದೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಬಂದು, ತಣ್ಣಗಿನ ಎಂಜಿನ್ನಿನ ಕೂಲೆಂಟ್ ಡಬ್ಬಿಯಲ್ಲಿ ಮೊದಲು ಎಳೆದ ಗೆರೆಯನ್ನು ನೋಡಬೇಕು. ದ್ರವ ಗೆರೆಯಲ್ಲೇ ಇದ್ದರೆ ವ್ಯವಹಾರದ ಮಾತಿಗೆ ಕೂರಬಹುದು. ಒಂದು ಬೆರಳಿನಷ್ಟು ಇಳಿದಿದ್ದರೂ, ಅದು ಎಲ್ಲಿಗೆ ಹೋಯಿತೆಂದು ತಿಳಿಯುವವರೆಗೆ ಹಣ ಜೇಬಿನಲ್ಲೇ ಇರಲಿ.